ಹೃದಯದಾನ: ಮನೆಯವರೊಡನೆ ಆಡಬೇಕಾದ ಮಾತು

ಮೂತ್ರಪಿಂಡವನ್ನಾದರೋ ಬದುಕಿರುವ ಬಂಧುವೇ ಕೊಡಬಹುದು. ಹೃದಯವು ಮಾತ್ರ ನಮ್ಮ ದೇಶದಲ್ಲಿ, ಮಿದುಳು ಮೃತವಾಗಿ, ಯಂತ್ರದ ಉಸಿರಿನ ಬಲದಿಂದ ಎದೆಬಡಿತವಷ್ಟೇ ಉಳಿದಿರುವ ದೇಹದಿಂದಲೇ ದೊರೆಯತಕ್ಕದ್ದಾದುದರಿಂದ ಅದರ ಅಭಾವ ವಿಪರೀತವಾಗಿದೆ. ಹೊರತೆಗೆದ ಹೃದಯವನ್ನು ಸುಮಾರು 4 ಗಂಟೆಗಳೊಳಗೆ ಕಸಿಮಾಡಬೇಕಾಗಿರುವುದರಿಂದಲೇ ಬೆಂಗಳೂರಿನ ಪೊಲೀಸರು ವಾಹನಗಳನ್ನು ತಡೆದು ಆಂಬುಲೆನ್ಸಿಗೆ ಹಾದಿ ಬಿಡಿಸುವುದು. 1994ರ ಅಂಗಾಂಗ ಕಸಿ ಕಾಯಿದೆಯು ಮಿದುಳಿನ ಮರಣವನ್ನು ಮರಣವೆಂದೇ ಅಂಗೀಕರಿಸಿದ್ದರೂ, ಎದೆ ಏರಿಳಿಯುತ್ತ, ಅಂಗೈ ಇನ್ನೂ ಬೆಚ್ಚಗಿರುವ ಮಗನನ್ನು ಗತಿಸಿದನೆಂದು ನಂಬಲಾರದ ತಾಯಿಯು ಸಮ್ಮತಿಸಲು ಹಿಂಜರಿದರೆ ಅಚ್ಚರಿಯೇನು? ಆದಕಾರಣ ವಾಚಕ ಮಹಾಶಯರೆ, ರಾಜ್ಯದ ಅಂಗದಾನ ಸಂಸ್ಥೆಯಾದ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಿದರಷ್ಟೇ ಸಾಲದು, ಇಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ, ಅಪಶಕುನವೆಂಬ ಶಂಕೆಯನ್ನು ಬದಿಗಿರಿಸಿ, ನಿಮ್ಮ ಇಚ್ಛೆಯನ್ನು ಮನೆಯವರಿಗೆ ಸ್ಪಷ್ಟವಾಗಿ ತಿಳಿಸಿಬಿಡಿರಿ, ಏಕೆಂದರೆ ಆ ಘಳಿಗೆಯಲ್ಲಿ ವೈದ್ಯರು ಕೇಳುವುದು ಅವರ ಒಪ್ಪಿಗೆಯನ್ನೇ.