ಟೊಳ್ಳು ಗೋಡೆಗೆ ಗಟ್ಟಿ ಕೈಕಂಬಿ: ಅಂಗಡಿ, ಕಚೇರಿಗಳ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಅಂಗಡಿ, ಕಚೇರಿ ಮತ್ತು ಪ್ರದರ್ಶನ ಮಳಿಗೆಗಳ ಒಳಾಂಗಣದಲ್ಲಿ ಇಟ್ಟಿಗೆಯ ಗೋಡೆಗೆ ಬದಲಾಗಿ ಜಿಪ್ಸಂ ಬೋರ್ಡಿನ ಪಾರ್ಟಿಷನ್ ಬಳಸುವುದು ಈಗ ಸಾಮಾನ್ಯವಾಗಿದೆ. ಕೆಲಸ ಬೇಗ ಮುಗಿಯುತ್ತದೆ, ತೂಕ ಕಡಿಮೆ, ನೀರು-ಸಿಮೆಂಟಿನ ರಗಳೆಯಿಲ್ಲ. ಆದರೆ ಇಂತಹ ಗೋಡೆಯು ಮೆಟ್ಟಿಲಿನ ಪಕ್ಕದಲ್ಲಿದ್ದಾಗ, ಅದಕ್ಕೆ ಜೋಡಿಸಿದ ಕೈಕಂಬಿ ಎಷ್ಟು ಭದ್ರ ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ನಾನೂ ಕೇಳಿರಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಕಚೇರಿಯ ಮೆಟ್ಟಿಲಿಗೆ ಕೈಕಂಬಿ ಹಾಕಿಸಿದಾಗ ದರ, ತೆರಿಗೆ, ಮೊತ್ತಗಳನ್ನು ತಾಳೆ ನೋಡಿ ಬಿಲ್ಲಿಗೆ ಸಹಿ ಮಾಡಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಎಪ್ಪತ್ತು ದಾಟಿದ ಹಿರಿಯ ವರ್ತಕರೊಬ್ಬರು ಇಳಿಯುವಾಗ ಕಾಲು ಜಾರಿ ಕಂಬಿಯನ್ನು ಹಿಡಿದರು. ಕಂಬಿಯು ಬ್ರಾಕೆಟ್ಟಿನ ಸಮೇತ ಕಿತ್ತು ಬಂತು. ಜೊತೆಗಿದ್ದ ಸಹಾಯಕನು ತೋಳು ಹಿಡಿದುದರಿಂದ ಅನಾಹುತವು ಮಣಿಕಟ್ಟಿನ ಉಳುಕಿನಲ್ಲಿ ಮುಗಿಯಿತು. ಗೋಡೆಯಲ್ಲಿ ಉಳಿದದ್ದು ನಾಲ್ಕು ತೂತು ಮತ್ತು ಬಿಳಿಯ ಪುಡಿ. ನಾನು ಬಿಲ್ಲನ್ನು ಪರಿಶೋಧಿಸಿದ್ದೆ, ಗೋಡೆಯನ್ನಲ್ಲ.

ಕಿತ್ತು ಬರಲು ಕಾರಣ

ಸಾಮಾನ್ಯ ಜಿಪ್ಸಂ ಬೋರ್ಡಿನ ದಪ್ಪ 12.5 ಮಿ.ಮೀ. ಎರಡು ಕಾಗದದ ಪದರಗಳ ನಡುವೆ ಇರುವುದು ಗಟ್ಟಿಯಾದ ಜಿಪ್ಸಂ ಪುಡಿಯಷ್ಟೇ. ಬೋರ್ಡಿನ ಹಿಂದೆ ಸಾಧಾರಣವಾಗಿ 600 ಮಿ.ಮೀ. ಅಂತರದಲ್ಲಿ ಸ್ಟಡ್ ಎಂಬ ಲಂಬ ಪಟ್ಟಿಗಳಿರುತ್ತವೆ, ಉಳಿದುದೆಲ್ಲ ಟೊಳ್ಳು. ಇಟ್ಟಿಗೆ, ಕಾಂಕ್ರೀಟುಗಳಿಗಾಗಿ ಇರುವ ಪ್ಲಾಸ್ಟಿಕ್ ಪ್ಲಗ್ಗು ಇಲ್ಲಿ ಹಿಡಿಯುವುದಿಲ್ಲ. ಟೊಳ್ಳಿನೊಳಗೆ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಬೋಲ್ಟು ಚಿತ್ರಪಟಕ್ಕೆ ಸಾಕು, ಕೈಕಂಬಿಗೆ ಸಾಲದು. ಬೋಲ್ಟು ಉಳಿದರೂ ಬೋರ್ಡೇ ಒಡೆಯುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯು ಕೈಕಂಬಿಯ ಯಾವುದೇ ಬಿಂದುವಿನಲ್ಲಿ, ಯಾವುದೇ ದಿಕ್ಕಿನಲ್ಲಿ 200 ಪೌಂಡ್, ಅಂದರೆ ಸುಮಾರು 90 ಕಿಲೋ ಭಾರವನ್ನು ತಡೆಯಬೇಕೆನ್ನುತ್ತದೆ. ಕಂಬಿಯು ಗೋಡೆಯಿಂದ 75 ಮಿ.ಮೀ. ಮುಂದಿದ್ದು, ಬ್ರಾಕೆಟ್ಟಿನ ಮೇಲಿನ ಸ್ಕ್ರೂವಿಗೂ ಕೆಳ ಅಂಚಿಗೂ 50 ಮಿ.ಮೀ. ಅಂತರವಿದೆ ಎನ್ನಿ. ಆಗ 90 ಕಿಲೋ ಭಾರ ಕೆಳಕ್ಕೆ ಬಿದ್ದರೆ ಮೇಲಿನ ಸ್ಕ್ರೂವನ್ನು ಹೊರಗೆಳೆಯುವ ಬಲ 90 × 75 ÷ 50, ಅಂದರೆ 135 ಕಿಲೋ. ಬೀಳುವವರು ತಟ್ಟನೆ ಹಿಡಿದಾಗ ಇದು ಇನ್ನೂ ಹೆಚ್ಚುತ್ತದೆ.

ಸರಿಯಾದ ವಿಧಾನಗಳು

ಮೊದಲು ಸ್ಟಡ್ಡುಗಳನ್ನು ಪತ್ತೆಹಚ್ಚಬೇಕು. ಗೋಡೆಯ ಮೇಲೆ ಅಯಸ್ಕಾಂತವನ್ನು ಆಡಿಸಿದರೆ ಲೋಹದ ಸ್ಟಡ್ ಅಥವಾ ಬೋರ್ಡಿನ ಸ್ಕ್ರೂ ಇರುವಲ್ಲಿ ಅದು ಅಂಟುತ್ತದೆ. ಸಣ್ಣ ತೂತಿನಿಂದ ಖಚಿತಪಡಿಸಿಕೊಳ್ಳಿ. ಇದಕ್ಕೂ ಮುನ್ನ ಒಳಗಿನ ವಿದ್ಯುತ್ ತಂತಿಗಳ ಜಾಡು ತಿಳಿದು ಮುಖ್ಯ ಸ್ವಿಚ್ಚನ್ನು ಆರಿಸಿರಬೇಕು.

1. ಸ್ಟಡ್ಡು ಗಟ್ಟಿ ಮರದ್ದಾದರೆ ಬ್ರಾಕೆಟ್ಟನ್ನು ನೇರವಾಗಿ ಅದಕ್ಕೇ ಜೋಡಿಸಬಹುದು. ಸ್ಕ್ರೂ ಬೋರ್ಡನ್ನು ದಾಟಿ ಮರದೊಳಗೆ ಕನಿಷ್ಠ 40 ಮಿ.ಮೀ. ಹೋಗಬೇಕು.

2. ನಮ್ಮಲ್ಲಿ ಹೆಚ್ಚಾಗಿರುವುದು ಸುಮಾರು ಅರ್ಧ ಮಿ.ಮೀ. ದಪ್ಪದ ಜಿ.ಐ. ತಗಡಿನ ಸ್ಟಡ್ಡು. ಇದೊಂದನ್ನೇ ನೆಚ್ಚಬಾರದು. ಕಂಬಿಯ ಓಟದ ಉದ್ದಕ್ಕೂ ಬೋರ್ಡನ್ನು ಪಟ್ಟಿಯಾಗಿ ಕತ್ತರಿಸಿ ತೆಗೆದು, ಕನಿಷ್ಠ 18 ಮಿ.ಮೀ. ದಪ್ಪದ, ನೀರು ತಡೆಯುವ ಪ್ಲೈವುಡ್ಡನ್ನು ಸ್ಟಡ್ಡಿನಿಂದ ಸ್ಟಡ್ಡಿಗೆ ಅಡ್ಡಲಾಗಿ ಕೂರಿಸಿ, ಎರಡೂ ತುದಿಗಳನ್ನು ಹಲವು ಸ್ಕ್ರೂಗಳಿಂದ ಬಿಗಿಯಬೇಕು. ಪಟ್ಟಿ 250 ಮಿ.ಮೀ. ಅಗಲವಿದ್ದರೆ ಇಳಿಜಾರಿನ ಅಳತೆಯಲ್ಲಿ ಅಷ್ಟಿಷ್ಟು ವ್ಯತ್ಯಾಸವಾದರೂ ಬ್ರಾಕೆಟ್ಟು ತಪ್ಪದು. ಬಳಿಕ ಬೋರ್ಡು ಮುಚ್ಚಿ, ಬ್ರಾಕೆಟ್ಟುಗಳನ್ನು ಪ್ಲೈವುಡ್ಡಿಗೆ ಜೋಡಿಸಬೇಕು. ಹೊಸದಾಗಿ ಕಟ್ಟಿಸುವವರು ಬೋರ್ಡು ಮುಚ್ಚುವ ಮೊದಲೇ ಇದನ್ನು ಹಾಕಿಸಿದರೆ ವೆಚ್ಚ ಅತ್ಯಲ್ಪ. ಗೋಡೆಯು ಬೆಂಕಿ ತಡೆಗೆಂದು ಕಟ್ಟಿದ್ದಾದರೆ ಎಂಜಿನಿಯರರನ್ನು ಕೇಳದೆ ಕತ್ತರಿಸಕೂಡದು.

3. ಗೋಡೆಯನ್ನು ಬಿಚ್ಚಲಾಗದಿದ್ದರೆ ಗೋಡೆಯ ಆಸೆಯನ್ನೇ ಬಿಟ್ಟು, ಕಾಂಕ್ರೀಟ್ ಮೆಟ್ಟಿಲುಗಳಿಗೆ ಆಂಕರ್ ಫಾಸ್ಟ್‌ನರ್‌ಗಳಿಂದ ಕಂಬಗಳನ್ನು ನಿಲ್ಲಿಸಿ ಅವುಗಳ ಮೇಲೆ ಕಂಬಿ ಹಾಕಿಸುವುದೇ ಲೇಸು. ನನ್ನ ಕಚೇರಿಯಲ್ಲಿ ಕೊನೆಗೆ ಮಾಡಿಸಿದ್ದು ಇದನ್ನೇ.

ಬ್ರಾಕೆಟ್ಟುಗಳ ನಡುವಣ ಅಂತರ 900 ಮಿ.ಮೀ. ಮೀರದಿರಲಿ, ಎರಡೂ ತುದಿಗಳ ಸಮೀಪ ಒಂದೊಂದು ಇರಲೇಬೇಕು. ಮೆಟ್ಟಿಲಿನ ಮುಂಚಾಚಿನಿಂದ ಕಂಬಿಯ ಎತ್ತರ ಸುಮಾರು 900 ಮಿ.ಮೀ., ಗೋಡೆಗೂ ಕಂಬಿಗೂ ನಡುವೆ ಬೆರಳು ಸಲೀಸಾಗಿ ಹೋಗುವಂತೆ ಕನಿಷ್ಠ 40 ಮಿ.ಮೀ. ತೆರಪು ಇರಲಿ. ಕಂಬಿಯ ತುದಿಗಳನ್ನು ಗೋಡೆಯತ್ತ ಬಾಗಿಸಿದರೆ ಸೆರಗು, ಚೀಲದ ಪಟ್ಟಿ ಸಿಲುಕುವುದಿಲ್ಲ.

ಹಣ ಪಾವತಿಗೆ ಮುನ್ನ

ಕಾರ್ಯಾದೇಶದಲ್ಲಿ ‘ಕೈಕಂಬಿ, ಇಷ್ಟು ಅಡಿ’ ಎಂದಷ್ಟೇ ಬರೆಯದೆ ಒಳಗಿನ ಪ್ಲೈವುಡ್ಡಿನ ದಪ್ಪ, ಸ್ಕ್ರೂವಿನ ಉದ್ದ ಮತ್ತು ಬ್ರಾಕೆಟ್ಟಿನ ಅಂತರಗಳನ್ನು ನಮೂದಿಸಿ. ಬೋರ್ಡು ಮುಚ್ಚುವ ಮುನ್ನ ಛಾಯಾಚಿತ್ರ ತೆಗೆಸಿ ವೋಚರಿಗೆ ಲಗತ್ತಿಸಿ; ಮುಚ್ಚಿದ ಮೇಲೆ ಅದೊಂದೇ ಪುರಾವೆ. ಕೆಲಸ ಮುಗಿದ ಬಳಿಕ ಕಾಲನ್ನು ಭದ್ರವಾಗಿ ಊರಿ, ಪ್ರತಿ ಬ್ರಾಕೆಟ್ಟಿನ ಬಳಿ ಕಂಬಿಯನ್ನು ಕೆಳಕ್ಕೂ ಹೊರಕ್ಕೂ ಬಲವಾಗಿ ಎಳೆದು ನೋಡಿ. ಕೂದಲೆಳೆಯಷ್ಟು ಅಲುಗಿದರೂ ಪಾವತಿಯನ್ನು ತಡೆಹಿಡಿಯಿರಿ. ವರ್ಷಕ್ಕೊಮ್ಮೆ, ದಾಸ್ತಾನು ಎಣಿಕೆಯ ದಿನ, ಈ ಪರೀಕ್ಷೆಯನ್ನು ಪುನಃ ಮಾಡುವ ರೂಢಿ ಒಳ್ಳೆಯದು.

ಲೆಕ್ಕಪತ್ರದ ಮಾತೊಂದು: ಸಡಿಲವಾದ ಕಂಬಿಯನ್ನು ಬಿಗಿಗೊಳಿಸುವುದು ದುರಸ್ತಿ, ರೆವಿನ್ಯೂ ವೆಚ್ಚ, ಹೊಸ ವಿನ್ಯಾಸದ ಭಾಗವಾಗಿ ಹಾಕಿಸಿದ್ದು ಬಂಡವಾಳ ವೆಚ್ಚ. ಕಟ್ಟಡದ ದುರಸ್ತಿ, ನವೀಕರಣಗಳ ಗುತ್ತಿಗೆಯನ್ನು ಬಂಡವಾಳವಾಗಿ ತೋರಿಸಿದಷ್ಟರ ಮಟ್ಟಿಗೆ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನಂತೆ ಇನ್‌ಪುಟ್ ತೆರಿಗೆ ಜಮೆ ದೊರೆಯದು. ಆದುದರಿಂದ ಎರಡಕ್ಕೂ ಪ್ರತ್ಯೇಕ ಬಿಲ್ಲು ಪಡೆಯುವುದು ಅನುಕೂಲ.

ಉಳಿತಾಯವೆಂದು ನಾವು ಕೈಬಿಡುವ ಒಂದು ಪ್ಲೈವುಡ್ ಪಟ್ಟಿಯ ಬೆಲೆ ಯಾವ ಆಯವ್ಯಯ ಪಟ್ಟಿಯಲ್ಲೂ ಎದ್ದು ಕಾಣದಷ್ಟು ಚಿಕ್ಕದು. ಅದರ ಮೇಲೆ ಕೈಯಿಡುವವರು ನಮ್ಮ ಗ್ರಾಹಕರು, ನೌಕರರು, ಹಿರಿಯರು. ಈ ವಾರ ನಿಮ್ಮ ಮೆಟ್ಟಿಲನ್ನು ಇಳಿಯುವಾಗ ಒಮ್ಮೆ ಕಂಬಿಯನ್ನು ಅಲುಗಿಸಿ ನೋಡಿ.