ಎಂಜಿನ್ ಆಯಿಲ್ ಸೋರಿಕೆ: ಮೂಲ ಹುಡುಕುವ ಬಗೆ



ಅಡಿಕೆ ಕೊಯ್ಲಿನ ದಿನಗಳಲ್ಲಿ ಜೀಪು ಕೆಟ್ಟು ನಿಂತರೆ ಬೆಳೆಗಾರನ ಕೈಕಾಲು ಕಟ್ಟಿದಂತೆ. ಆದ್ದರಿಂದ ಗಾಡಿ ನಿಂತಿದ್ದ ಜಾಗದಲ್ಲಿ ಕಪ್ಪು ಮಚ್ಚೆ ಕಂಡರೆ ಅದನ್ನು ಅಲಕ್ಷಿಸಕೂಡದು.

ಸೋಂಪುರದ ನಮ್ಮ ಮನೆಯ ಜೀಪು ಒಮ್ಮೆ ಹೀಗೆಯೇ ಸೋರತೊಡಗಿತು. ಹನಿ ಬೀಳುತ್ತಿದ್ದುದು ಚೇಂಬರಿನ ಅಂಚಿನಿಂದ. ಚೇಂಬರ್ ಪ್ಯಾಕಿಂಗ್ ಬದಲಿಸಿದ್ದಾಯಿತು. ವಾರದೊಳಗೆ ಮತ್ತೆ ಅದೇ ಮಚ್ಚೆ. ಕೊನೆಗೆ ನೋಡಿದರೆ, ಆಯಿಲ್ ಹೊರಬರುತ್ತಿದ್ದುದು ಎಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನ ಹಿಂಬದಿಯಿಂದ! ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಒಂದೆಡೆ, ಹನಿ ಬೀಳುವುದು ಇನ್ನೊಂದೆಡೆ ಅಲ್ಲವೇ? ಇದೂ ಹಾಗೆಯೇ. ಈ ಪಾಠ ಕಲಿಯಲು ನಮಗೆ ಒಂದು ಪ್ಯಾಕಿಂಗೂ ಒಂದು ದಿನದ ಕೂಲಿಯೂ ದಂಡವಾದವು.

ಪರೀಕ್ಷಿಸುವ ಕ್ರಮ

1. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿರಿ. ಕಂದು ಅಥವಾ ಕಪ್ಪಗಿದ್ದರೆ ಸಾಮಾನ್ಯವಾಗಿ ಎಂಜಿನ್ ಆಯಿಲ್. ಮಂದವಾಗಿದ್ದು ಗಂಧಕದ ವಾಸನೆಯಿದ್ದರೆ ಗೇರ್ ಆಯಿಲ್. ನೀರಿನಂತೆ ತೆಳುವಾಗಿ ಹಸಿರಾಗಿದ್ದರೆ ರೇಡಿಯೇಟರಿನ ಕೂಲೆಂಟ್.

2. ಎಂಜಿನ್ ತಣ್ಣಗಿರುವಾಗ ಜಿಡ್ಡನ್ನು ಸಾಬೂನು ನೀರು, ಬ್ರಷ್‌ನಿಂದ ತೆಗೆದು ಒರೆಸಿರಿ. ವೈರುಗಳಿಗೆ, ಡೈನಮೋಗೆ ನೀರು ತಾಗಬಾರದು.

3. ಒಣಗಿದ ಮೇಲೆ ಹದಿನೈದು ನಿಮಿಷ ಗಾಡಿ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿರಿ. ಹೊಸದಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಸೋರಿಕೆಯ ಮೂಲ.

4. ಬ್ರೀದರ್ ಪೈಪು ಕಟ್ಟಿಕೊಂಡಿದೆಯೇ ನೋಡಿರಿ. ಕಟ್ಟಿದ್ದರೆ ಒಳಗಿನ ಅನಿಲದ ಒತ್ತಡ ಹೆಚ್ಚಿ, ಹೊಸ ಸೀಲಿನಿಂದಲೂ ಆಯಿಲ್ ಹೊರನುಗ್ಗುತ್ತದೆ.

ದುರಸ್ತಿ

ಟ್ಯಾಪೆಟ್ ಕವರ್ ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್, ಆಯಿಲ್ ಫಿಲ್ಟರ್ ಇವುಗಳನ್ನು ಕೈಪಳಗಿದವರು ತಾವೇ ಬದಲಿಸಬಹುದು. ಹಳೆಯ ಪ್ಯಾಕಿಂಗಿನ ಚೂರು ಉಳಿಯಬಾರದು. ಬೋಲ್ಟುಗಳನ್ನು ಸಮವಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಅತಿಯಾಗಿ ಬಿಗಿದರೆ ಪ್ಯಾಕಿಂಗ್ ಹರಿಯುತ್ತದೆ. ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಮೆತ್ತಿದರೆ ಅದರ ಚೂರು ಒಳಗೆ ಬಿದ್ದು ಆಯಿಲ್ ಜರಡಿಯನ್ನು ಮುಚ್ಚೀತು. ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದ್ದರೆ ಗೇರ್ ಬಾಕ್ಸ್ ಇಳಿಸಬೇಕು. ಅದು ಮೆಕ್ಯಾನಿಕ್ಕನ ಕೆಲಸ. ಬಿಟ್ಟರೆ ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿ, ಹೇರು ಹೊತ್ತು ಏರು ಹತ್ತುವಾಗ ಕ್ಲಚ್ ಜಾರುತ್ತದೆ.

ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ನುಗ್ಗಕೂಡದು. ಭದ್ರವಾದ ಸ್ಟ್ಯಾಂಡ್ ಕೊಡಿರಿ.

ಎಚ್ಚರಿಕೆ

ದುರಸ್ತಿಯಾಗುವವರೆಗೆ ದಿನವೂ ಸಮನೆಲದಲ್ಲಿ, ಎಂಜಿನ್ ನಿಲ್ಲಿಸಿ ಐದು ನಿಮಿಷದ ನಂತರ, ಆಯಿಲ್ ಕಡ್ಡಿ ತೆಗೆದು ನೋಡಿರಿ. ಮಟ್ಟ ಎರಡು ಗುರುತುಗಳ ನಡುವೆ ಇರಲಿ. ಹೆಚ್ಚು ತುಂಬುವುದೂ ತಪ್ಪೇ. ಓಡುವಾಗ ಆಯಿಲಿನ ಕೆಂಪು ದೀಪ ಹೊತ್ತಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿರಿ. ಮನೆ ಹತ್ತಿರವೇ ಇದೆಯೆಂದು ಓಡಿಸಿದರೆ ಎಂಜಿನ್ ಹಿಡಿದುಕೊಂಡೀತು. ಸೈಲೆನ್ಸರ್ ಕೊಳವೆಯ ಮೇಲೆ ಆಯಿಲ್ ಸುಡುವ ವಾಸನೆ ಬಂದರೆ ಬೆಂಕಿಯ ಭಯವುಂಟು.

ಕೊನೆಯದಾಗಿ, ತೆಗೆದ ಹಳೆಯ ಆಯಿಲನ್ನು ಚರಂಡಿಗೋ ಅಡಿಕೆ ಬುಡಕ್ಕೋ ಸುರಿಯಬೇಡಿರಿ. ನಮ್ಮ ಹೋಬಳಿಯ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯ ನೀರು ತಿಪ್ಪಗೊಂಡನಹಳ್ಳಿ ಜಲಾಶಯ ಸೇರುತ್ತದೆ. ಡಬ್ಬಿಯಲ್ಲಿ ತುಂಬಿಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡಿರಿ.