ಎಡಗಡೆಯ ಸಿರೆ ಸಣ್ಣದಿದ್ದರೆ ರೋಗವೇ?

ಎಣ್ಣೂರಿನ ಸಹೋದರಿಯವರೇ, ಎಂಆರ್‌ವಿ (ಮಿದುಳಿನ ಸಿರೆಗಳ ಎಂಆರ್‌ಐ ಸ್ಕ್ಯಾನ್) ವರದಿಯಲ್ಲಿ ‘ಎಡ ಟ್ರಾನ್ಸ್‌ವರ್ಸ್ ಸೈನಸ್ ಹೈಪೊಪ್ಲಾಸಿಯಾ’ (ಎಡಗಡೆಯ ಸಿರೆನಾಳ ಸಣ್ಣದು) ಎಂದಿರುವುದಕ್ಕೆ ನಿದ್ದೆಗೆಡಬೇಡಿ. ಮಿದುಳಿನ ರಕ್ತವನ್ನು ತಲೆಬುರುಡೆಯ ಬುಡದತ್ತ ಸಾಗಿಸಿ ಕುತ್ತಿಗೆಗೆ ಇಳಿಸುವ ಜೋಡಿ ಸಿರೆನಾಳಗಳು ಬಹಳಷ್ಟು ಜನರಲ್ಲಿ ಸಮವಾಗಿರುವುದಿಲ್ಲ. ಸಾಮಾನ್ಯವಾಗಿ ಬಲಗಡೆಯದೇ ದೊಡ್ಡದು. ರಕ್ತ ನಿಧಾನವಾಗಿ ಹರಿಯುವ ಸಣ್ಣ ನಾಳ ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನಿನಲ್ಲಿ ನಡುವೆ ಕಡಿದುಹೋದಂತೆಯೂ ಕಾಣಬಹುದು. ‘ರಕ್ತ ಹೆಪ್ಪುಗಟ್ಟಿದ್ದರೂ ಹಾಗೇ ಕಾಣುವುದಲ್ಲವೇ?’ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಮೂಳೆ ಸಾಕ್ಷಿ ಹೇಳುತ್ತದೆ: ನಾಳ ಹುಟ್ಟಿನಿಂದಲೇ ಸಣ್ಣದಾಗಿದ್ದರೆ ಆ ಬದಿಯಲ್ಲಿ ಸಿರೆ ತಲೆಬುರುಡೆಯಿಂದ ಹೊರಬರುವ ಜುಗುಲಾರ್ ರಂಧ್ರವೂ ಸಾಮಾನ್ಯವಾಗಿ ಕಿರಿದು, ರಂಧ್ರ ದೊಡ್ಡದಿದ್ದು ಹರಿವು ಮಾತ್ರ ಕಾಣದಿದ್ದರೆ ಸಂಶಯಪಡಬೇಕು. ಆಗ ಕಾಂಟ್ರಾಸ್ಟ್ ಹಾಕಿದ ಸಿಟಿ ವೆನೋಗ್ರಾಮ್ ಬೇಕಾದೀತು. ಆದರೆ ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಮಂಜಾದ ದೃಷ್ಟಿ, ಫಿಟ್ಸ್ ಇದ್ದರೆ, ಅದರಲ್ಲೂ ಬಾಣಂತಿಯಾಗಿದ್ದರೆ ಅಥವಾ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ, ವರದಿ ಏನೇ ಹೇಳಲಿ, ಅಂದೇ ಚೆನ್ನೈನ ಸ್ಟ್ಯಾನ್ಲಿ ಆಸ್ಪತ್ರೆಗೋ ಸೆಂಟ್ರಲ್ ನಿಲ್ದಾಣದ ಹತ್ತಿರದ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಗೋ ಹೋಗಿ.